ಒಂದೇ ಪೆನ್‌ಡ್ರೈವಿನಲ್ಲಿ ಎಲ್ಲಾ ವಿಂಡೋಸು

ಕಂಪ್ಯೂಟರು ಕೆಟ್ಟರೆ ರಿಪೇರಿ ಮಾಡಬಹುದು. ಆದರೆ ಅದರ ಮುಂದೆ ಕೂತವರು ಆಡುವ ಮಾತಿಗೆ ನಗು ಬಂದರೆ ಏನು ಮಾಡಬೇಕು ಅಂತ ನನಗೆ ಯಾರೂ ಕಲಿಸಿಲ್ಲ. ಇಂಥದ್ದು ನನ್ನ ಪಾಲಿಗೆ ತಪ್ಪಿದ ವಾರವೇ ಇಲ್ಲ. ಎಷ್ಟೋ ಸಲ ಸ್ಕ್ರೂಡ್ರೈವರ್ ಕೆಳಗೆ ಬಿತ್ತು ಅಂತ ನೆಪ ಹೇಳಿ, ಮೇಜಿನಡಿ ಬಗ್ಗಿ ನಕ್ಕು ಎದ್ದಿದ್ದೇನೆ.

ನನ್ನ ಅಂಗಡಿ ರಾಯಚೂರಿನಲ್ಲಿದೆ. ಪಕ್ಕದಲ್ಲೇ ನಮ್ಮ ಯಜಮಾನರ ಸ್ಟೀಲ್ ಪಾತ್ರೆ ಅಂಗಡಿ. ಅವರು ಪಾತ್ರೆ ಮಾರುತ್ತಾರೆ, ನಾನು ಕಂಪ್ಯೂಟರಿಗೆ ವಿಂಡೋಸ್ ಹಾಕಿಕೊಡುತ್ತೇನೆ. ವಿಂಡೋಸ್ ಅಂದರೆ ಒಂದೇ ಅಲ್ಲ. ಮನೆಗೊಂದು ಬಗೆ, ಕಚೇರಿಗೊಂದು ಬಗೆ, ಶಾಲೆಗೊಂದು ಬಗೆ, ಹಳೆಯ ಯಂತ್ರಕ್ಕೆ ಹಗುರವಾದದ್ದು ಇನ್ನೊಂದು. ಮೊದಲೆಲ್ಲ ಒಂದೊಂದಕ್ಕೂ ಬೇರೆ ಬೇರೆ ಡಿಸ್ಕು ಹೊತ್ತು ತಿರುಗುತ್ತಿದ್ದೆ. ಮಾನ್ವಿಗೆ ಹೋಗಿ ಚೀಲ ಬಿಚ್ಚಿದರೆ, ಬೇಕಾದ ಡಿಸ್ಕು ಮಾತ್ರ ರಾಯಚೂರಿನಲ್ಲೇ ಉಳಿದಿರುತ್ತಿತ್ತು. ಅದಕ್ಕೇ ಕೂತು, ತಿದ್ದಿ, ಜೋಡಿಸಿ, ಅಷ್ಟೂ ಬಗೆಯನ್ನು ಒಂದೇ ಪೆನ್‌ಡ್ರೈವಿನೊಳಗೆ ತುಂಬಿದೆ. ಲೈಸೆನ್ಸು ಗಿರಾಕಿಯದು, ಹಾಕುವ ಸರಂಜಾಮು ನನ್ನದು. ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಚಾಲೂ ಮಾಡಿದರೆ "ಇವುಗಳಲ್ಲಿ ಯಾವುದು ಬೇಕು?" ಅಂತ ತೆರೆಯ ಮೇಲೆ ಒಂದು ಪಟ್ಟಿ ಬರುತ್ತದೆ. ಒಂದನ್ನು ಆರಿಸಿದರೆ ಆಯಿತು.

ಇದರಿಂದ ನನ್ನ ಚೀಲ ಹಗುರವಾಯಿತು. ಉಳಿದದ್ದು ಮುಂದೆ ಓದಿ.

ಕೆಳಗ ಹೋಮು, ಬಾಯಾಗ ಪ್ರೊ

ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಕಾಟಾದ ಕಂಪ್ಯೂಟರ್ ಕೈ ಕೊಟ್ಟಿತ್ತು. ಸುಗ್ಗಿಯ ದಿನಗಳು. ಭತ್ತ ಹೇರಿಕೊಂಡ ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯವರೆಗೂ ನಿಂತಿದ್ದವು. ಗಿರಣಿಯ ಸಾಹುಕಾರರು ಹಣೆಯ ವಿಭೂತಿ ಬೆವರಿನಲ್ಲಿ ಕರಗುವಷ್ಟು ಗಾಬರಿಯಾಗಿದ್ದರು. ಕಂಪ್ಯೂಟರಿದ್ದ ಕೋಣೆಯಲ್ಲೇ ತೆಲಂಗಾಣದ ಕಡೆಯ ವ್ಯಾಪಾರಿಯೊಬ್ಬ, ಬಾಯಿ ತೆರೆದಿಟ್ಟಿದ್ದ ಅಕ್ಕಿ ಚೀಲದ ಮುಂದೆ ನಿಂತು, ಮೇಲಿನ ಅಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ಮೆಚ್ಚುಗೆಯಿಂದ ನೋಡುತ್ತಿದ್ದ.

ನಾನು ಪೆನ್‌ಡ್ರೈವ್ ಚುಚ್ಚಿದೆ. ಪಟ್ಟಿ ಬಂತು. ಸಾಹುಕಾರರು ಕನ್ನಡಕ ಏರಿಸಿದರು.

"ಇಷ್ಟು ನಮೂನಿ ಅದಾವೇನ್ರಿ? ಎಲ್ಲಾ ಒಂದ ಚೀಲದಾಗ?"

"ಹೌದ್ರಿ ಸಾಹುಕಾರ್ರ."

"ಇದ್ರಾಗ ಚಲೋದು ಯಾವ್ದು?"

"ಪ್ರೊ ಅನ್ನೋದು ದೊಡ್ಡದ್ರಿ. ಆದ್ರ ನಿಮ್ಮ ಲೈಸೆನ್ಸ್ ಹೋಮ್ ಅನ್ನೋದಕ್ಕ ಅದ. ನಿಮ್ಮ ಕೆಲಸಕ್ಕ ಅದು ಸಾಕ್ರಿ."

ಅವರು ಗಲ್ಲ ಕೆರೆದುಕೊಂಡರು. "ಹಂಗಾದ್ರ ಹಿಂಗ ಮಾಡ್ರಿ. ಮುಕ್ಕಾಲು ಪಾಲು ಹೋಮ್ ಹಾಕ್ರಿ, ಮ್ಯಾಲ ಸ್ವಲ್ಪ ಪ್ರೊ ಹಾಕ್ರಿ."

"ಮಿಕ್ಸ್ ಮಾಡಾಕ ಬರಂಗಿಲ್ರಿ."

"ಯಾಕ ಬರಂಗಿಲ್ಲ?" ಸಾಹುಕಾರರಿಗೆ ನನ್ನ ಅಜ್ಞಾನ ನೋಡಿ ಬೇಸರವೇ ಆಯಿತು. "ಕೆಳಗ ಹೋಮ್ ಇರ್ಲಿ, ಬಾಯಾಗ ಪ್ರೊ ಇರ್ಲಿ. ಬಿಚ್ಚಿದ ಕೂಡ್ಲೇ ಪ್ರೊ ಕಾಣ್ಬೇಕು, ಅಷ್ಟ. ಒಳಗ ಏನದ ಅಂತ ಯಾರು ನೋಡ್ತಾರ? ಇಷ್ಟು ವರ್ಷದ ಅನುಭವದ ಮ್ಯಾಲ ಹೇಳಾಕತ್ತೀನಿ, ಯಾರಿಗೂ ಗೊತ್ತಾಗಂಗಿಲ್ಲ!"

ತೆಲಂಗಾಣದ ವ್ಯಾಪಾರಿ ಅಂಗೈಯ ಅಕ್ಕಿಯನ್ನು ನಿಧಾನಕ್ಕೆ ಚೀಲಕ್ಕೆ ಸುರಿದ. ಅಂಗಿಯ ತೋಳು ಮಡಚಿದ. ಆಮೇಲೆ ಹೆಗಲವರೆಗೂ ಕೈಯನ್ನು ಚೀಲದೊಳಗೆ ಇಳಿಸಿದ.

ಸರ್ ಒಮ್ಮಿ ನೋಡ್ಲಿ

ಯಾಪಲದಿನ್ನಿಯ ರೈತರೊಬ್ಬರು ಮಗಳ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಕೂಸಿನಂತೆ ಸುತ್ತಿಕೊಂಡು ಬಂದರು. ಮಗಳು ಕಾಲೇಜಿನಲ್ಲಿ ಏನೋ ಒಪ್ಪಿಸಬೇಕಿತ್ತಂತೆ, ಲ್ಯಾಪ್‌ಟಾಪ್ ಎದ್ದೇಳುತ್ತಿಲ್ಲ. ಮಗಳು ಅಳುತ್ತಿದ್ದಾಳೆ, ಅದನ್ನು ನೋಡಿ ತಾಯಿಯೂ ಅಳುತ್ತಿದ್ದಾಳೆ.

"ಸರ್ ಇಲ್ಲೇನ್ರಿ?" ಅಂದರು.

"ಕೊಡ್ರಿ, ನಾನು ನೋಡ್ತೀನಿ."

"ಇರ್ಲಿ ಬಿಡ್ರವ್ವಾ. ಸರ್ ಬರೋ ತನಕ ಕುಂದಿರ್ತೀನಿ."

ಅಂಗಡಿಯಲ್ಲಿ ಇರುವ ಸರ್ರೂ ನಾನೇ, ಮೇಡಮ್ಮೂ ನಾನೇ ಅಂತ ಹೇಳಿದೆ. ಅವರು ನಕ್ಕರು. ತಮಾಷೆ ಅಂದುಕೊಂಡಿರಬೇಕು. ಕೊನೆಗೆ ಲ್ಯಾಪ್‌ಟಾಪನ್ನು ನಾನೇ ಅವರ ತೊಡೆಯ ಮೇಲಿಂದ ಎತ್ತಿಕೊಂಡೆ. ಮಗಳ ಫೈಲುಗಳನ್ನು ಮೊದಲು ಬೇರೆ ಕಡೆ ತೆಗೆದಿಟ್ಟು, ಪೆನ್‌ಡ್ರೈವ್ ಚುಚ್ಚಿ, ಹೊಸದಾಗಿ ವಿಂಡೋಸ್ ಹಾಕಿ, ಫೈಲುಗಳನ್ನು ಮತ್ತೆ ಜೋಡಿಸಿ, ಮಗಳಿಗೇ ಫೋನ್ ಮಾಡಿ "ಎಲ್ಲಾ ಅದಾವ ನೋಡವ್ವಾ" ಅಂತ ಹೇಳಿದೆ. ರೈತರು ಕಣ್ಣು ಕೀಳದೆ ನೋಡುತ್ತಾ ಕೂತಿದ್ದರು. ಎಲ್ಲ ಮುಗಿದ ಮೇಲೆ ಕೈಮುಗಿದು ಅಂದರು:

"ಭಾಳ ಚಲೋ ಆತ್ರವ್ವಾ. ಇನ್ನ ಸರ್ ಬಂದು ಒಮ್ಮಿ ನೋಡಿಬಿಟ್ರ ಹೋಗ್ತೀನಿ."

ನನಗೆ ತಡೆಯಲಾಗಲಿಲ್ಲ. ಪಕ್ಕದ ಅಂಗಡಿಗೆ ಹೋಗಿ, "ಒಂದು ನಿಮಿಷ ಬರ್ರಿ, ನಿಮ್ಮ ಅಭಿಪ್ರಾಯ ಬೇಕಾಗ್ಯಾದ" ಅಂತ ಯಜಮಾನರನ್ನು ಕರೆದುಕೊಂಡು ಬಂದೆ. ಟಿವಿ ರಿಮೋಟಿಗೆ ಸೆಲ್ ಹಾಕುವಾಗಲೂ ಯಾವ ಕಡೆ ಯಾವ ತುದಿ ಅಂತ ನನ್ನನ್ನೇ ಕೇಳುವ ಮನುಷ್ಯ ಅವರು. ಬಂದು ಕೈ ಹಿಂದೆ ಕಟ್ಟಿಕೊಂಡು ಲ್ಯಾಪ್‌ಟಾಪನ್ನು ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು. ಆಮೇಲೆ ಪಾತ್ರೆ ಬಾರಿಸುವ ಅಭ್ಯಾಸಬಲದಿಂದ ಬೆರಳ ಗೆಣ್ಣಿನಿಂದ ಅದರ ಮುಚ್ಚಳಕ್ಕೆ ಟಕ್ ಟಕ್ ಅಂತ ಬಾರಿಸಿ, ಕಿವಿಗೊಟ್ಟು ಕೇಳಿ, "ಹ್ಞಾಂ, ಮಾಲು ಗಟ್ಟಿ ಅದ" ಅಂದರು.

ರೈತರ ಮುಖ ಅರಳಿತು. "ಇಷ್ಟು ನಿಮ್ಮ ಬಾಯಿಂದ ಕೇಳಿದ್ರ ಸಾಕಿತ್ತು ನೋಡ್ರಿ ಸರ್." ಹೋಗುವಾಗ ಯಜಮಾನರ ಫೋನ್ ನಂಬರನ್ನೇ ಬರೆದುಕೊಂಡು ಹೋದರು. ಊರಲ್ಲಿ ಎಲ್ಲರಿಗೂ ಕೊಟ್ಟರು ಅಂತ ಕಾಣುತ್ತದೆ. ಈಗ ಆ ಕಡೆಯ ಕಂಪ್ಯೂಟರ್ ಕಂಪ್ಲೇಂಟುಗಳೆಲ್ಲ ಪಾತ್ರೆ ಅಂಗಡಿಗೇ ಬರುತ್ತವೆ. ಯಜಮಾನರು ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ: "ಒಮ್ಮಿ ಬಂದ್ ಮಾಡಿ ಚಾಲೂ ಮಾಡ್ರಿ."

ಅದರಲ್ಲಿ ಅರ್ಧದಷ್ಟು ಅಷ್ಟಕ್ಕೇ ಸರಿಹೋಗುತ್ತವೆ. ಮೊನ್ನೆ ಊಟಕ್ಕೆ ಕೂತಾಗ ನನಗೆ ಕನಿಕರದಿಂದ ಹೇಳಿದರು: "ಇಷ್ಟು ಸರಳ ಕೆಲಸಕ್ಕ ನೀನು ಇಡೀ ದಿನ ತಗೋತೀಯಲ್ಲ."

ಸುಮ್ಕಿರು

ವಿಂಡೋಸ್ ಹಾಕುವಾಗ ನಡುನಡುವೆ ಅದು ಪ್ರಶ್ನೆ ಕೇಳುತ್ತದೆ. ಯಾವ ದೇಶ, ಯಾವ ಕೀಬೋರ್ಡು, ಬಳಸುವವರ ಹೆಸರೇನು. ಪ್ರತಿ ಸಲ ಉತ್ತರ ಕೊಡುವುದು ಬೇಡ ಅಂತ, ಎಲ್ಲಾ ಉತ್ತರವನ್ನೂ ಮೊದಲೇ ಬರೆದು ಪೆನ್‌ಡ್ರೈವಿನೊಳಗೆ ಇಡಬಹುದು. ಆಗ ಅದು ತಾನೇ ಓದಿಕೊಂಡು ತಾನೇ ಮುಗಿಸುತ್ತದೆ.

ನಾನು ಅದನ್ನು ಮನೆಯಲ್ಲಿ ಕೂತು ಬರೆಯುವಾಗ ನಮ್ಮತ್ತೆ ಮತ್ತು ನನ್ನ ಮಗಳ ನಡುವೆ ಟಿವಿಗಾಗಿ ಜಗಳ ನಡೆದಿತ್ತು. ಅತ್ತೆಗೆ ಧಾರಾವಾಹಿ, ಮಗಳಿಗೆ ಕ್ರಿಕೆಟ್. ನಾನು ಮಗಳಿಗೆ "ಸುಮ್ಕಿರು, ಸುಮ್ಕಿರು" ಅಂತ ಕೂಗುತ್ತಲೇ ಬೆರಳಾಡಿಸುತ್ತಿದ್ದೆ. ಹೆಸರು ಬರೆಯುವ ಜಾಗದಲ್ಲಿ ಬಾಯಲ್ಲಿದ್ದದ್ದೇ ಬೆರಳಿಗೆ ಬಂದದ್ದು ನನಗೆ ತಿಳಿಯಲಿಲ್ಲ.

ಅದೇ ವಾರ ಚಂದ್ರಬಂಡದ ಕಡೆಯ ಒಂದು ಶಾಲೆಯಲ್ಲಿ ಹೊಸ ಕಂಪ್ಯೂಟರ್ ಕೋಣೆ ಶುರುವಾಗುವುದಿತ್ತು. ಎಲ್ಲಾ ಕಂಪ್ಯೂಟರಿಗೂ ವಿಂಡೋಸ್ ಹಾಕಲು ಹಚ್ಚಿ, ಅವು ತಮ್ಮಷ್ಟಕ್ಕೆ ಮುಗಿಸಿಕೊಳ್ಳಲಿ ಅಂತ ಬಿಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಕಾರ್ಯಕ್ರಮವೇ ಶುರುವಾಗಿತ್ತು. ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಕಂಪ್ಯೂಟರುಗಳಿಗೆ ಬೆನ್ನು ಹಾಕಿ ನಿಂತು ಭಾಷಣ ಹಿಡಿದಿದ್ದರು. ಅವರ ಭಾಷಣಕ್ಕೆ ತುದಿ ಇರುವುದಿಲ್ಲ ಅಂತ ಆ ಕಡೆ ಎಲ್ಲರಿಗೂ ಗೊತ್ತು. ಮಕ್ಕಳು ತೂಕಡಿಸುತ್ತಿದ್ದರು, ಮಾಸ್ತರರು ಕಣ್ಣು ತೆರೆದುಕೊಂಡೇ ತೂಕಡಿಸುತ್ತಿದ್ದರು.

ಅಧ್ಯಕ್ಷರು, "ಮಕ್ಕಳೇ, ಈ ಕಂಪ್ಯೂಟರ್ ನಮಗ ಏನು ಹೇಳ್ತದ?" ಅಂತ ಕೈ ಎತ್ತಿ ತೆರೆಗಳ ಕಡೆ ತಿರುಗಿದರು. ಅದೇ ಹೊತ್ತಿಗೆ ಎಲ್ಲವೂ ಕೆಲಸ ಮುಗಿಸಿ ಎದ್ದಿದ್ದವು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ತೆರೆಯ ಮೇಲೂ ಇಷ್ಟು ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಹೆಸರು.

"ಸು... ಮ್ಕಿ... ರು," ಅಂತ ಅಧ್ಯಕ್ಷರು ಜೋರಾಗಿ ಓದಿದರು. ಪಕ್ಕದ್ದನ್ನು ನೋಡಿದರು. ಅದರ ಪಕ್ಕದ್ದನ್ನು ನೋಡಿದರು. ಆಮೇಲೆ ಕುರ್ಚಿ ಹುಡುಕಿ ಕೂತರು.

ಕಾರ್ಯಕ್ರಮ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ನನ್ನನ್ನು ಮೂಲೆಗೆ ಕರೆದರು. ಬೈಸಿಕೊಳ್ಳಲು ತಯಾರಾಗಿ, "ಸರ್, ಈಗಿಂದೀಗ ಹೆಸರು ತೆಗಿತೀನ್ರಿ" ಅಂದೆ.

"ಅಯ್ಯೋ, ತೆಗೀಬ್ಯಾಡ್ರಿ ಮೇಡಂ!" ಅವರು ಅತ್ತಿತ್ತ ನೋಡಿ ದನಿ ಇಳಿಸಿದರು. "ನಮ್ಮ ಸಾಲಿಯೊಳಗ ಅವ್ರಿಗೆ ಇದನ್ನ ಹೇಳೋ ಧೈರ್ಯ ಇನ್ಯಾರಿಗೂ ಇಲ್ರಿ."

ರಾಯಚೂರಂದು ಇಲ್ಲೇನು?

ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಚಾಚಾ ನನ್ನ ಹಳೆಯ ಗಿರಾಕಿ. ನನ್ನ ಪೆನ್‌ಡ್ರೈವಿನಲ್ಲಿ ಭಾಷೆಗಳನ್ನೂ ಸೇರಿಸಿದ್ದೇನೆ ಅಂತ ಗೊತ್ತಾದ ಕೂಡಲೇ, "ಬೇಟಿ, ನಮ್ಮ ಅಂಗಡಿಗೆ ಉರ್ದು ಹಾಕಿಬಿಡು" ಅಂದರು. ಹಾಕಿದೆ. ತೆರೆಯ ಮೇಲಿದ್ದದ್ದೆಲ್ಲ ಬಲದಿಂದ ಎಡಕ್ಕೆ ತಿರುಗಿತು. ಚಾಚಾ ಕನ್ನಡಕ ಒರೆಸಿಕೊಂಡು ಓದಿದರು, ಇನ್ನೊಮ್ಮೆ ಒರೆಸಿಕೊಂಡು ಓದಿದರು.

"ಇದು ಯಾವ ಊರಿನ ಉರ್ದು? ನಮ್ಮ ಮನ್ಯಾಗ ಹಿಂಗ ಮಾತಾಡಿದ್ರ ಊಟಕ್ಕ ಹಾಕಂಗಿಲ್ಲ. ನಕ್ಕೋ ಬೇಟಿ, ಇದು ಬ್ಯಾಡ, ಕನ್ನಡ ಹಾಕು."

ಕನ್ನಡ ಹಾಕಿದೆ. ಚಾಚಾ ಬೇಡದ ಒಂದು ಫೈಲ್ ತೆಗೆದುಹಾಕಲು ಹೋದರು. ತೆರೆಯ ಮೇಲೆ ಬಂತು: "ಈ ಕಡತವನ್ನು ಶಾಶ್ವತವಾಗಿ ಅಳಿಸಲು ನೀವು ಖಚಿತವಾಗಿ ಬಯಸುವಿರಾ?"

"ಇದು ಕಂಪ್ಯೂಟರೋ, ಕೋರ್ಟೋ?" ಚಾಚಾ ಹಿಂದೆ ಸರಿದರು. "ರಾಯಚೂರಂದು ಇಲ್ಲೇನು?"

"ರಾಯಚೂರಂದು ಹೆಂಗಿರ್ಬೇಕು ಚಾಚಾ?"

"'ಖರೇನ ತೆಗಿಲೇನು? ಆಮ್ಯಾಲ ಅಳಬ್ಯಾಡ' ಅಂತ ಕೇಳ್ಬೇಕು."

ನನಗೂ ಹುರುಪು ಬಂತು. "'ಅನಿರೀಕ್ಷಿತ ದೋಷ ಸಂಭವಿಸಿದೆ' ಅನ್ನೋದಕ್ಕ?"

"'ಏನಾತೋ ನನಗೂ ತಿಳಿವಲ್ದು.'"

"'ನವೀಕರಣ ಪ್ರಗತಿಯಲ್ಲಿದೆ, ದಯವಿಟ್ಟು ನಿರೀಕ್ಷಿಸಿ' ಅನ್ನೋದಕ್ಕ?"

"'ಹೋಗಿ ಚಾ ಕುಡದು ಬಾ.'"

"ಪಾಸ್‌ವರ್ಡ್ ತಪ್ಪು ಹೊಡದ್ರ?"

"ಅದಕ್ಕ ಜಬರ್ದಸ್ತ್ ಇರ್ಬೇಕು. 'ಯಾರಲೇ ನೀನು?' ಅನ್ಬೇಕು."

ಒಳಗೆ ಕೂತು ಸೀರೆ ಮಡಚುತ್ತಿದ್ದ ಚಾಚಿ ತಲೆ ಎತ್ತಲಿಲ್ಲ, ಮಡಚುವುದನ್ನೂ ನಿಲ್ಲಿಸಲಿಲ್ಲ. "ಹಾಕ್ಕೊಡವ್ವಾ ಹಂಗ. ಪಾಸ್‌ವರ್ಡ್ ದಿನಾ ಮರೆಯೋರು ಇವ್ರ. ತಮ್ಮ ಅಂಗಡ್ಯಾಗ ತಾವ ದಿನಾ ಕೇಳಿಸ್ಕೊಳ್ಳಿ."

ಮುದುಕ ಏಳವಲ್ಲ

ಇದು ದೇವದುರ್ಗದ್ದು.

ಪೆನ್‌ಡ್ರೈವಿನ ಪಟ್ಟಿಯಲ್ಲಿ ಬರುವ ಇಂಗ್ಲಿಷ್ ಹೆಸರುಗಳು ಜನರಿಗೆ ತಿಳಿಯುವುದಿಲ್ಲ ಅಂತ, ಒಮ್ಮೆ ಹೆಸರುಗಳನ್ನೇ ಬದಲಿಸಿದ್ದೆ. ಕನ್ನಡ ಅಕ್ಷರ ಹಾಕಿದರೆ ಅಲ್ಲಿ ಬರೀ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಮಾತು ಬರೆದೆ. ಮನೆಯದಕ್ಕೆ "ಮನಿ", ಶಾಲೆಯದಕ್ಕೆ "ಸಾಲಿ", ಕಚೇರಿಯದಕ್ಕೆ "ಕಚೇರಿ". ಹಳೆಯ, ನಿಧಾನದ ಯಂತ್ರಕ್ಕೆ ಹಾಕುವ ಹಗುರ ವಿಂಡೋಸಿಗೆ "ಮುದುಕ". ದೇವದುರ್ಗದ ಒಂದು ಕಚೇರಿಯ ಕ್ಲರ್ಕ್ ಚುರುಕಾದ ಹುಡುಗ. ಹೊತ್ತಿಗೆ ಆಗಲಿ ಅಂತ ಅವನಿಗೂ ಅಂಥದೊಂದು ಪೆನ್‌ಡ್ರೈವ್ ಮಾಡಿ ಕೊಟ್ಟಿದ್ದೆ.

ನಮ್ಮ ನಾದಿನಿಯ ಕುಬಸದ ದಿನ. ಬಸುರಿ ಹೆಣ್ಣುಮಗಳನ್ನು ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದರು. ಮನೆ ತುಂಬಾ ಹೆಂಗಸರು. ಯಜಮಾನರ ಸೋದರತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಆಗ ಕ್ಲರ್ಕ್ ಫೋನ್ ಮಾಡಿದ.

"ಯಕ್ಕಾ, ನಮ್ಮ ಕಂಪ್ಯೂಟರ್ ಸತ್ತು ಹೋಗ್ಯಾದ. ಕಾಲೇಜಿಗೆ ಹೆಸರು ಹಚ್ಚೋ ಹುಡುಗ್ರು ಸರ್ಟಿಫಿಕೇಟಿಗೆ ಸಾಲು ಹಚ್ಚಿ ನಿಂತಾರ. ಇವತ್ತ ಕೊನಿ ದಿನ ಅಂತ. ಒಂದಿಬ್ರು ಅಳಾಕತ್ತಾರ."

ಕುಬಸ ಬಿಟ್ಟು ಹೋಗುವಂತಿಲ್ಲ, ಆ ಹುಡುಗರನ್ನು ಬಿಟ್ಟು ಕೂರುವಂತೆಯೂ ಇಲ್ಲ. "ನಾನು ಹೇಳ್ದಂಗ ಮಾಡು" ಅಂತ ಗದ್ದಲದ ನಡುವೆ ಒಂದು ಕಿವಿ ಮುಚ್ಚಿಕೊಂಡು ಶುರು ಮಾಡಿದೆ. ಆ ಕಡೆ ಅವನಿಗೆ ಎರಡೂ ಕೈ ಬೇಕಾಗಿ, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟಿದ್ದನಂತೆ. ಎದುರು ಮೇಜಿನಲ್ಲೇ ಅವರ ಸೂಪರಿಂಟೆಂಡೆಂಟರು ಕೂತಿದ್ದರು. ನಿವೃತ್ತಿಗೆ ಹತ್ತಿರವಾದ, ನರೆತ ತಲೆಯ, ಸಾಧು ಮನುಷ್ಯ. ಅವರಿಗೆ ಫೋನಿನ ಮಾತು ಕೇಳುತ್ತಿತ್ತು, ತೆರೆ ಕಾಣುತ್ತಿರಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

"ಪಟ್ಟಿ ಬಂತು ಯಕ್ಕಾ. ಕಚೇರಿ ಒತ್ಲೇನು?"

"ಬ್ಯಾಡ, ನಿಮ್ಮ ಆಫೀಸಿನಾಗ ಇರೋದು ಮುದುಕ. ಮುದುಕನ್ನ ಒತ್ತು."

ಇಲ್ಲಿ ಸೋದರತ್ತೆ ಆರತಿ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಒತ್ತೀನಿ. ಆದ್ರ ಮುದುಕ ಮುಂದ ಹೋಗವಲ್ಲ, ನಿಂತಲ್ಲೇ ನಿಂತಾನ."

"ಅವಸರ ಮಾಡಬ್ಯಾಡ. ವಯಸ್ಸಾದದ್ದು, ಹಂಗ ನಿಧಾನ. ಮೈ ಮುಟ್ಟಿ ನೋಡು, ಬಿಸಿ ಅದನಾ?"

"ಸುಡಾಕತ್ತದ ಯಕ್ಕಾ!"

"ಹಂಗಾದ್ರ ಮಗ್ಗಲ ಬಿಚ್ಚಿ ಫ್ಯಾನಿನ ಕೆಳಗ ಇಡು. ಒಳಗ ಧೂಳ ಕುಂತಿರ್ತದ, ಜೋರಾಗಿ ಊದು."

ಕುಬಸದ ಹಾಡು ನಿಂತಿತು. ಒಬ್ಬ ಹೆಂಗಸು "ಪಾಪ, ಯಾರ ಮನಿ ಹಿರಿಯರೋ" ಅಂದಳು. "ದವಾಖಾನಿಗೆ ಒಯ್ಯಾಕ ಹೇಳ ಬೇ!" ಅಂತ ಸೋದರತ್ತೆ ನನ್ನ ತೋಳು ಜಗ್ಗಿದರು. ನಾನು ಕೈಸನ್ನೆಯಲ್ಲೇ ತಡೆಯಿರಿ ಅಂದೆ.

"ಊದಿದೆ ಯಕ್ಕಾ. ಆದ್ರೂ ಮುದುಕ ಏಳವಲ್ಲ. ಏನು ಮಾಡ್ಲಿ?"

ನನಗೂ ತಾಳ್ಮೆ ತಪ್ಪಿತು. "ಹಳೇವೆಲ್ಲಾ ಬ್ಯಾರೆ ಕಡಿ ತೆಗೆದಿಟ್ಟೀಯಿಲ್ಲ? ಹಂಗಾದ್ರ ಇನ್ನ ನೋಡೋದೇನದ, ಮುದುಕನ್ನ ಪೂರಾ ತೆಗೆದು ಹಾಕು! ಅದ ಜಾಗಾದಾಗ ಹೊಸದಾಗಿ ಕುಂದ್ರಿಸು!"

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ ಒಂದು ಮೆತ್ತಗಿನ, ಹಿರಿಯ ದನಿ ಕೇಳಿಸಿತು.

"ನಮಸ್ಕಾರ್ರಿ ಮೇಡಂ. ನಾನು ಸೂಪರಿಂಟೆಂಡೆಂಟ್ ಮಾತಾಡಾಕತ್ತೀನಿ. ನಂದು ಇನ್ನಾ ಸರ್ವೀಸ್ ಅದ್ರಿ."

ಬಾಯಿ ತೆರೆದರೆ ನಗು ಬರುತ್ತದೆ, ಮುಚ್ಚಿದರೆ ಮಾತು ಬರುವುದಿಲ್ಲ. ಅಷ್ಟರಲ್ಲಿ, ಫೋನಿಗೆ ಕಿವಿ ಹಚ್ಚಿ ನಿಂತಿದ್ದ ಸೋದರತ್ತೆ ನನ್ನ ಕೈಯಿಂದ ಅದನ್ನು ಕಸಿದುಕೊಂಡರು, ಕಸಿಯುವಾಗ ಬೆರಳು ತಾಗಿ ಅದೂ ಸ್ಪೀಕರಿಗೆ ಹೋಯಿತು.

"ಮಾತಾಡಾಕತ್ತಾರ ಬೇ, ಜೀವ ಅದ!" ಅಂತ ಹೆಂಗಸರಿಗೆಲ್ಲ ಸಾರಿ, ಫೋನಿನಲ್ಲಿ ಕೂಗಿದರು. "ಯಪ್ಪಾ, ಮೈ ಸುಡೋವಾಗ ಫ್ಯಾನಿನ ಕೆಳಗ ಕುಂದ್ರಬಾರ್ದು. ಹೊತ್ಕೊಂಡು ಮಲಗ್ರಿ. ಸ್ವಲ್ಪ ಬಿಸಿ ಗಂಜಿ ಕುಡೀರಿ. ಆ ಹುಡುಗಗ ಊದಾಕ ಬಿಡಬ್ಯಾಡ್ರಿ!"

ಸೂಪರಿಂಟೆಂಡೆಂಟರು ಅಂದರು: "ನನಗ ಜ್ವರ ಇಲ್ರೀ ಯವ್ವಾ. ಆದ್ರ ಈ ಆಫೀಸಿನಾಗ ಇಷ್ಟು ವರ್ಷಕ್ಕ ಗಂಜಿ ಕುಡಿ ಅಂದೋರು ನೀವ ಮೊದಲು."

ಅವರ ಮಾತು ಮುಗಿಯುವ ಮೊದಲೇ ಹಿಂದಿನಿಂದ ಕ್ಲರ್ಕ್ ಕಿರುಚಿದ. ಅವನ ದನಿಯ ಜೊತೆಗೆ ಪ್ರಿಂಟರಿನ ಗರಗರ, ಸಾಲಿನಲ್ಲಿದ್ದ ಹುಡುಗರ ಹೋ ಅನ್ನುವ ಕೂಗು, ಎಲ್ಲವೂ ಒಟ್ಟಿಗೆ ನಮ್ಮ ಮನೆಯ ನಡುವೆ ಕೇಳಿಸಿದವು.

"ಯಕ್ಕಾ, ತೆಗೆದು ಹಾಕೋದ ಬ್ಯಾಡಾತು, ಮುದುಕ ಎದ್ದ! ಓಡಾಕತ್ತಾನ!"

ಸೋದರತ್ತೆ ಕಣ್ಣು ಮುಚ್ಚಿ ಒಮ್ಮೆ ಶಿವಶಿವಾ ಅಂದರು. ಆಮೇಲೆ ಮಣೆಯ ಮೇಲೆ ಕಾಯುತ್ತಾ ಕೂತಿದ್ದ ಬಸುರಿಗೆ "ಸ್ವಲ್ಪ ತಡಿ ಬೇ" ಅಂತ ಹೇಳಿ, ಫೋನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಮೊದಲು ಅದಕ್ಕೇ ಆರತಿ ಬೆಳಗಿದರು.